ಔಷಧಿ ಆದೇಶ ಮತ್ತು ನಿಗಾ: ನರ್ಸಿಂಗ್ ಹೋಮಿನಿಂದ ನಮ್ಮ ಮನೆಯವರೆಗೆ



ನಾನು ಇದೇ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದಿ, ಮೂರು ವರ್ಷದ ಜಿ.ಎನ್.ಎಂ. ಕೋರ್ಸ್ ಮುಗಿಸಿ, ಈಗ ನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮ ಕೆಲಸದ ಬಗ್ಗೆ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಬರೆಯಬೇಕೆಂದು ಜೀವಶಾಸ್ತ್ರ ವಿಭಾಗದ ಮೇಡಂ ಕೇಳಿದರು. ಬಿಳಿ ಕೋಟು, ಇಂಜೆಕ್ಷನ್, ರಾತ್ರಿ ಪಾಳಿ ಇವೆಲ್ಲ ನೀವು ಕಂಡದ್ದೇ. ಆದ್ದರಿಂದ ಕಣ್ಣಿಗೆ ಬೀಳದ ಎರಡು ಕೆಲಸಗಳನ್ನು ಆರಿಸಿಕೊಂಡಿದ್ದೇನೆ. ಒಂದು, ವೈದ್ಯರು ಬರೆದ ಔಷಧಿ ಆದೇಶವನ್ನು ಸರಿಯಾಗಿ ಪಾಲಿಸುವುದು. ಇನ್ನೊಂದು, ಔಷಧಿ ಕೊಟ್ಟ ಮೇಲೆ ರೋಗಿಯ ಮೇಲೆ ಸರಿಯಾದ ನಿಗಾ ಇಡುವುದು. ನರ್ಸಿಂಗ್ ಸೇರಬೇಕೆಂದಿರುವವರಿಗೆ ಮಾತ್ರವಲ್ಲ, ಮನೆಯಲ್ಲಿ ಬಿ.ಪಿ., ಶುಗರ್ ಇರುವ ಹಿರಿಯರ ಮಾತ್ರೆ ಚೀಟಿ ಓದಿ ಹೇಳುವ ಎಲ್ಲರಿಗೂ ಇದು ಬೇಕಾದ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಸ್ಟ್ರಿಪ್ಪಿನ ಮೇಲಿನ ಇಂಗ್ಲಿಷ್ ಓದಬಲ್ಲವರು ಪಿಯುಸಿ ಓದುವ ಮಕ್ಕಳೇ.

ಕನ್ನಡದಲ್ಲಿ ನರ್ಸನ್ನು ದಾದಿ ಎನ್ನುತ್ತಾರೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಆ ದಾದಿಗೆ ಹುಷಾರಿಲ್ಲದಾಗ ಮೊಮ್ಮಕ್ಕಳೇ ದಾದಿಯ ಕೆಲಸ ಮಾಡಬೇಕಾಗುತ್ತದೆ.

ನರ್ಸಿಂಗ್ ಹೋಂ ಎಂದರೆ

ಹೊರದೇಶಗಳಲ್ಲಿ ನರ್ಸಿಂಗ್ ಹೋಂ ಎಂದರೆ ವಯಸ್ಸಾದವರು ಉಳಿದುಕೊಂಡು ಆರೈಕೆ ಪಡೆಯುವ ಮನೆ. ನಮ್ಮಲ್ಲಿ ಆ ಹೆಸರು ಚಿಕ್ಕ ಖಾಸಗಿ ಆಸ್ಪತ್ರೆಗೆ ಬಂದಿದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ನಮ್ಮ ನಿಟ್ಟುವಳ್ಳಿಯ ಇ.ಎಸ್.ಐ. ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗಳಿವೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಊರಿನಲ್ಲಿ ವೈದ್ಯರೂ ನರ್ಸಿಂಗ್ ಹೋಮುಗಳೂ ಹೆಚ್ಚಿದವು. ಹರಿಹರ, ಮಲೇಬೆನ್ನೂರು, ಚನ್ನಗಿರಿ, ಜಗಳೂರು ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ. ಇಂಥ ಖಾಸಗಿ ಸಂಸ್ಥೆಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಅಡಿ ನೋಂದಣಿ ಮಾಡಿಸಿರಬೇಕು.

ನರ್ಸಿಂಗ್ ಹೋಮಿನಲ್ಲಿ ವೈದ್ಯರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರೌಂಡ್ಸ್ ಬರುತ್ತಾರೆ. ಒಬ್ಬ ರೋಗಿಯ ಬಳಿ ಐದು ನಿಮಿಷವೋ ಹತ್ತು ನಿಮಿಷವೋ ನಿಲ್ಲುತ್ತಾರೆ. ದಿನದಲ್ಲಿ ಉಳಿದ ಇಪ್ಪತ್ಮೂರು ಮುಕ್ಕಾಲು ಗಂಟೆ ರೋಗಿಯ ಪಕ್ಕ ಇರುವುದು ಎರಡೇ: ಅವರು ಬರೆದಿಟ್ಟ ಆದೇಶ, ಮತ್ತು ಆ ಪಾಳಿಯ ನರ್ಸ್.

ಆದೇಶದಲ್ಲಿ ಏನೇನು ಇರಬೇಕು

ಔಷಧಿ ಆದೇಶ ಪೂರ್ಣವಾಗಬೇಕಾದರೆ ಏಳು ವಿಷಯ ಬೇಕು: ರೋಗಿಯ ಹೆಸರು, ದಿನಾಂಕ ಮತ್ತು ಸಮಯ, ಔಷಧಿಯ ಹೆಸರು, ಪ್ರಮಾಣ, ಕೊಡುವ ದಾರಿ, ದಿನಕ್ಕೆ ಎಷ್ಟು ಬಾರಿ, ವೈದ್ಯರ ಸಹಿ. ಕೊಡುವ ದಾರಿ ಎಂದರೆ ಬಾಯಿಂದಲೋ, ಸ್ನಾಯುವಿಗೋ, ರಕ್ತನಾಳಕ್ಕೋ, ಚರ್ಮದ ಕೆಳಗೋ ಎಂಬುದು. ಇದರಲ್ಲಿ ಒಂದು ಬಿಟ್ಟುಹೋದರೂ ನರ್ಸ್ ಊಹಿಸಿ ತುಂಬಿಕೊಳ್ಳುವಂತಿಲ್ಲ, ಕೇಳಲೇಬೇಕು.

ಎಷ್ಟು ಬಾರಿ ಎನ್ನುವುದಕ್ಕೆ ಕೆಲವು ಸಂಕ್ಷೇಪಗಳಿವೆ. ಓಡಿ ಎಂದರೆ ದಿನಕ್ಕೊಮ್ಮೆ, ಬಿಡಿ ಎಂದರೆ ಎರಡು ಬಾರಿ, ಟಿಡಿಎಸ್ ಎಂದರೆ ಮೂರು ಬಾರಿ, ಎಚ್‌ಎಸ್ ಎಂದರೆ ಮಲಗುವಾಗ, ಎಸ್‌ಒಎಸ್ ಎಂದರೆ ಬೇಕೆನಿಸಿದಾಗ ಮಾತ್ರ, ಸ್ಟ್ಯಾಟ್ ಎಂದರೆ ಈಗಲೇ. ಹೊರರೋಗಿಗಳ ಚೀಟಿಯಲ್ಲಿ 1-0-1 ಎಂದು ಬರೆಯುವುದನ್ನು ನೀವು ನೋಡಿರುತ್ತೀರಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅದರ ಅರ್ಥ.

ಅಕ್ಷರ ಅರ್ಥವಾಗದ ಸಮಸ್ಯೆ ಹಳೆಯದು. ಅದಕ್ಕಾಗಿಯೇ 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ತನ್ನ ನಿಯಮ ತಿದ್ದಿ, ವೈದ್ಯರು ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಹೇಳಿತು. ಕಾರಣ, ಹೆಸರುಗಳು ಅಣ್ಣತಮ್ಮಂದಿರಂತಿವೆ. ಕ್ಲೋಬಜಾಮ್ ಬೇರೆ, ಕ್ಲೋನಜೆಪಾಮ್ ಬೇರೆ. ಡೋಪಮಿನ್ ಬೇರೆ, ಡೊಬುಟಮಿನ್ ಬೇರೆ. ಹೈಡ್ರಾಲಜೀನ್ ರಕ್ತದೊತ್ತಡ ಇಳಿಸುವ ಔಷಧಿ, ಹೈಡ್ರಾಕ್ಸಿಜೀನ್ ತುರಿಕೆಗೆ ಕೊಡುವ ಔಷಧಿ. ಅವಸರದ ಬರಹದಲ್ಲಿ ಇವು ಒಂದೇ ರೀತಿ ಕಾಣುತ್ತವೆ.

ರಾತ್ರಿ ವೇಳೆ ಆದೇಶ ಫೋನಿನಲ್ಲಿ ಬರುವುದುಂಟು. ಆಗ ಮೂರು ಹೆಜ್ಜೆ: ಕೇಳಿದ್ದನ್ನು ಬರೆದುಕೊಳ್ಳುವುದು, ಬರೆದದ್ದನ್ನು ವೈದ್ಯರಿಗೆ ಓದಿ ಹೇಳುವುದು, ಅವರು ಹೌದೆಂದ ಮೇಲೆ ಕೊಡುವುದು. ವೈದ್ಯರು ಬಂದಾಗ ಅದಕ್ಕೆ ಸಹಿ ಪಡೆಯಬೇಕು. ಇಂಗ್ಲಿಷಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಒಂದೇ ಸದ್ದು ಮಾಡುತ್ತವೆ. ಅದಕ್ಕೆ ನಾವು "ಒನ್ ಫೈವ್" ಎಂದು ಅಂಕಿ ಬಿಡಿಸಿ ಹೇಳುತ್ತೇವೆ. ಕನ್ನಡದಲ್ಲಿ ಹದಿನೈದು, ಐವತ್ತು ಎಂದರೆ ಈ ಗೊಂದಲವೇ ಬರುವುದಿಲ್ಲ.

ಐದು 'ಸರಿ'ಗಳು

ನರ್ಸಿಂಗ್ ಶಾಲೆಯಲ್ಲಿ ಮೊದಲ ವರ್ಷವೇ ಬಾಯಿಪಾಠ ಮಾಡಿಸುವ ಐದು ಮಾತುಗಳಿವೆ: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ. ಇವುಗಳಿಗೆ ಈಗ ಸರಿಯಾದ ದಾಖಲೆಯನ್ನೂ ಸೇರಿಸುತ್ತಾರೆ. ಕೇಳಲು ಮಗ್ಗಿಯಷ್ಟು ಸುಲಭ, ಪಾಲಿಸುವುದು ಅಷ್ಟು ಸುಲಭವಲ್ಲ.

ಮೊದಲನೆಯದನ್ನೇ ನೋಡಿ. ನಮ್ಮ ಊರಿನ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಶಾಹಿದಾ ಬಾನು, ಇಬ್ಬರು ಹನುಮಂತಪ್ಪ ಇರುವುದು ಸಾಮಾನ್ಯ. ನರ್ಸ್ ಹೋಗಿ "ನೀವು ಹನುಮಂತಪ್ಪನವರಾ?" ಎಂದು ಕೇಳಿದರೆ ಕಿವಿ ಮಂದವಾದ ಅಜ್ಜ ಏನೂ ಕೇಳಿಸದೆ "ಹ್ಞೂಂ" ಎಂದುಬಿಡುತ್ತಾರೆ. ಆದ್ದರಿಂದ "ನಿಮ್ಮ ಹೆಸರು ಹೇಳಿ ಅಜ್ಜಾ" ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ, ಒಳರೋಗಿ ಸಂಖ್ಯೆಯನ್ನು ಕೇಸ್‌ಶೀಟಿಗೆ ಹೋಲಿಸಬೇಕು. ಮಂಚದ ಸಂಖ್ಯೆಯನ್ನು ನಂಬುವಂತಿಲ್ಲ. ಫ್ಯಾನಿನ ಗಾಳಿ ಬರುತ್ತದೆಂದು ರೋಗಿಗಳು ಮಂಚ ಬದಲಿಸಿಕೊಂಡಿದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಔಷಧಿಯ ಹೆಸರನ್ನು ಮೂರು ಸಲ ಓದುತ್ತೇವೆ: ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ ಅಥವಾ ಮಾತ್ರೆ ಬಿಡಿಸುವಾಗ, ಕೊಡುವ ಮುನ್ನ. ಪೊಟಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಬೇರೆ ಆಂಪ್ಯೂಲುಗಳ ಜೊತೆ ಇಡಬಾರದೆಂಬ ಕಟ್ಟುನಿಟ್ಟು ಇದಕ್ಕೇ ಬಂದದ್ದು. ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಅದು ಔಷಧಿ, ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಹೃದಯದ ಮಿಡಿತದಲ್ಲಿ ಪೊಟಾಸಿಯಂ ಅಯಾನಿನ ಪಾತ್ರವನ್ನು ಓದಿರುವ ನಿಮಗೆ ಕಾರಣ ಹೊಸದಾಗಿ ಹೇಳಬೇಕಾಗಿಲ್ಲ.

ಲೆಕ್ಕ ತಪ್ಪಿದರೆ

ಔಷಧಿ ಕೊಡುವುದರಲ್ಲಿ ಅರ್ಧ ಭಾಗ ಗಣಿತ. ಅದೂ ಹೈಸ್ಕೂಲ್ ಮಟ್ಟದ್ದು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ದಶಮಾಂಶ ಬಿಂದು. ಅರ್ಧ ಮಿಲಿಗ್ರಾಂ ಎನ್ನುವುದನ್ನು ಸೊನ್ನೆಯಿಲ್ಲದೆ .5 ಎಂದು ಬರೆದರೆ ಬಿಂದು ಮಾಸಿ 5 ಆಗುತ್ತದೆ, ಅಂದರೆ ಹತ್ತು ಪಟ್ಟು. ಒಂದು ಮಿಲಿಗ್ರಾಂ ಎನ್ನುವುದನ್ನು 1.0 ಎಂದು ಬರೆದರೆ 10 ಆಗಿ ಕಾಣುತ್ತದೆ. ಆದ್ದರಿಂದ ನಿಯಮ ಇದು: ಬಿಂದುವಿನ ಮುಂಚೆ ಸೊನ್ನೆ ಇರಲೇಬೇಕು, ಪೂರ್ಣಾಂಕದ ನಂತರ ಬಿಂದು-ಸೊನ್ನೆ ಇರಲೇಬಾರದು. ಹಾಗೆಯೇ ಇನ್ಸುಲಿನ್ ಯೂನಿಟ್ ಎನ್ನುವುದಕ್ಕೆ ಇಂಗ್ಲಿಷಿನ 'ಯು' ಅಕ್ಷರವನ್ನು 4ರ ಪಕ್ಕ ಅಂಟಿಸಿ ಬರೆದರೆ ಅದು 40ರಂತೆ ಕಾಣುತ್ತದೆ. ಯೂನಿಟ್ ಎಂದು ಪೂರ್ತಿ ಬರೆಯಬೇಕು.

ಎರಡನೆಯದು ಡ್ರಿಪ್. ವೈದ್ಯರು 500 ಎಂ.ಎಲ್. ಸಲೈನನ್ನು 8 ಗಂಟೆಯಲ್ಲಿ ಹೋಗುವಂತೆ ಬರೆದಿದ್ದಾರೆ ಎಂದುಕೊಳ್ಳಿ. ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ 20 ಹನಿ ಸೇರಿದರೆ 1 ಎಂ.ಎಲ್. ಹಾಗಾದರೆ ಒಟ್ಟು ಹನಿ 500 × 20 = 10,000. ಎಂಟು ಗಂಟೆ ಎಂದರೆ 480 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ನಾವು ಗಡಿಯಾರ ಹಿಡಿದು ಎಣಿಸಿ ರೋಲರ್ ಹೊಂದಿಸುತ್ತೇವೆ. ಆದರೆ ಬಾಟಲಿ ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದೆಂದು ರೋಗಿಯ ಕಡೆಯವರೇ ರೋಲರ್ ತಿರುಗಿಸಿಬಿಡುತ್ತಾರೆ. ಒಂದು ರಾತ್ರಿ ಹೃದಯದ ತೊಂದರೆಯಿದ್ದ ಒಬ್ಬ ಹಿರಿಯರಿಗೆ ಹೀಗೆಯೇ ಆಯಿತು. ನಾನು 21ಕ್ಕೆ ಹೊಂದಿಸಿದ್ದ ಡ್ರಿಪ್ ಸುತ್ತು ಬರುವಷ್ಟರಲ್ಲಿ 60 ದಾಟಿ ಓಡುತ್ತಿತ್ತು. ಆ ವೇಗದಲ್ಲಿ ಎಂಟು ಗಂಟೆಯ ಸಲೈನ್ ಮೂರು ಗಂಟೆಯೊಳಗೆ ಒಳಗೆ ಹೋಗುತ್ತದೆ. ಸೋತ ಹೃದಯಕ್ಕೆ ಅಷ್ಟು ನೀರು ಪಂಪ್ ಮಾಡಲಾಗದೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಅವರಿಗೆ ಆಗಲೇ ಏದುಸಿರು ಶುರುವಾಗಿತ್ತು. ಡ್ರಿಪ್ ನಿಲ್ಲಿಸಿ, ತಲೆಭಾಗ ಎತ್ತರಿಸಿ, ಆಕ್ಸಿಜನ್ ಹಾಕಿ ಡ್ಯೂಟಿ ಡಾಕ್ಟರನ್ನು ಕರೆದೆವು. ಬೆಳಗಿನ ಹೊತ್ತಿಗೆ ಸುಧಾರಿಸಿದರು. ರೋಲರ್ ತಿರುಗಿಸಿದ ಮಗ ಕೆಟ್ಟವರೇನಲ್ಲ. ಅದು ನೀರಿನ ನಲ್ಲಿಯಲ್ಲ, ಔಷಧಿಯ ಪ್ರಮಾಣ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ಇನ್ಸುಲಿನ್. ಇದನ್ನು ಪ್ರತಿಯೊಬ್ಬರೂ ಮನಸ್ಸಿಟ್ಟು ಓದಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: 1 ಎಂ.ಎಲ್.ನಲ್ಲಿ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಒಬ್ಬ ಅಜ್ಜಿಯನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ನಮ್ಮಲ್ಲಿಗೆ ಕರೆತಂದಿದ್ದರು. ಸಕ್ಕರೆ ಪ್ರಮಾಣ 34 ಇತ್ತು. ಯಾವಾಗಲೂ ತರುತ್ತಿದ್ದ 40ರ ಬಾಟಲಿ ಸಿಗದೆ ಮನೆಯವರು 100ರದ್ದು ತಂದಿದ್ದರು, ಸಿರಿಂಜ್ ಮಾತ್ರ ಹಳೆಯ ಕೆಂಪು ಮುಚ್ಚಳದ್ದು. ಎಂದಿನಂತೆ 20ರ ಗೆರೆಯವರೆಗೆ ಎಳೆದರು. ಕೆಂಪು ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಎಂ.ಎಲ್. ಹೊಸ ಬಾಟಲಿಯ ಅರ್ಧ ಎಂ.ಎಲ್.ನಲ್ಲಿ 50 ಯೂನಿಟ್ ಇತ್ತು. 20 ಹೋಗಬೇಕಾದಲ್ಲಿ ಎರಡೂವರೆ ಪಟ್ಟು ಹೋಯಿತು. ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್ ಕೊಟ್ಟ ಮೇಲೆ ಅಜ್ಜಿ ಕಣ್ಣು ಬಿಟ್ಟರು. ಔಷಧಿ ಸರಿ, ರೋಗಿ ಸರಿ, ಸಮಯ ಸರಿ, ಗೆರೆಯೂ ಸರಿ. ಆದರೂ ಜೀವಕ್ಕೆ ಬಂದಿತ್ತು.

ಗಂಟೆ ಯಾಕೆ ಮುಖ್ಯ

ದ್ವಿತೀಯ ಪಿಯುಸಿಯಲ್ಲಿ ರಾಸಾಯನಿಕ ಚಲನಶಾಸ್ತ್ರದ ಪಾಠದಲ್ಲಿ ಅರ್ಧಾಯು ಬರುತ್ತದೆ. ಪ್ರಥಮ ಶ್ರೇಣಿಯ ಕ್ರಿಯೆಯಲ್ಲಿ ಅರ್ಧಾಯು ಎಂದರೆ 0.693ನ್ನು ದರ ಸ್ಥಿರಾಂಕದಿಂದ ಭಾಗಿಸಿದ ಮೌಲ್ಯ. ಪರೀಕ್ಷೆಗೆಂದು ಓದುವ ಈ ಸೂತ್ರವೇ ನಮ್ಮ ಔಷಧಿ ವೇಳಾಪಟ್ಟಿಯ ಬುಡ. ಬಹುಪಾಲು ಔಷಧಿಗಳು ದೇಹದಿಂದ ಹೊರಹೋಗುವುದು ಇದೇ ನಿಯಮದಂತೆ. ಅರ್ಧಾಯು 6 ಗಂಟೆ ಇರುವ ಔಷಧಿ ರಕ್ತದಲ್ಲಿ 100 ಭಾಗ ಇದ್ದರೆ, 6 ಗಂಟೆಯ ನಂತರ 50, 12 ಗಂಟೆಯ ನಂತರ 25, 18 ಗಂಟೆಯ ನಂತರ 12.5 ಭಾಗ ಉಳಿಯುತ್ತದೆ.

ಆ್ಯಂಟಿಬಯಾಟಿಕ್ಕನ್ನು 8 ಗಂಟೆಗೊಮ್ಮೆ ಬರೆದಿದ್ದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಕೊಡುವುದು ಇದಕ್ಕೇ. ಬೆಳಿಗ್ಗೆ 9, ಮಧ್ಯಾಹ್ನ 1, ರಾತ್ರಿ 8 ಎಂದು ಊಟಕ್ಕೆ ಹೊಂದಿಸಿ ಕೊಟ್ಟರೆ ರಾತ್ರಿ 8ರಿಂದ ಬೆಳಿಗ್ಗೆ 9ರವರೆಗೆ 13 ಗಂಟೆ ಖಾಲಿ. ಆ ಹೊತ್ತಿನಲ್ಲಿ ಔಷಧಿಯ ಮಟ್ಟ ಇಳಿದು ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ಇದಕ್ಕೆ ವಿರುದ್ಧವಾಗಿ ಥೈರಾಯ್ಡ್ ಮಾತ್ರೆಯ ಅರ್ಧಾಯು ಸುಮಾರು ಒಂದು ವಾರ. ಅದಕ್ಕೆ ದಿನಕ್ಕೊಂದು ಸಾಕು, ಆದರೆ ಖಾಲಿ ಹೊಟ್ಟೆ ಬೇಕು. ಮೆಥೊಟ್ರೆಕ್ಸೇಟ್ ಎಂಬ ಸಂಧಿವಾತದ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಅದನ್ನು ದಿನವೂ ತೆಗೆದುಕೊಂಡು ಜೀವ ಕಳೆದುಕೊಂಡವರು ಅನೇಕ ದೇಶಗಳಲ್ಲಿದ್ದಾರೆ.

ನಿಗಾ ಎಂದರೆ ಬರೀ ನೋಡುವುದಲ್ಲ

ಔಷಧಿ ಕೊಟ್ಟಾಯಿತು, ಮುಂದೇನು? ಅದು ಕೆಲಸ ಮಾಡುತ್ತಿದೆಯೇ, ಕೇಡು ಮಾಡುತ್ತಿದೆಯೇ ಎಂಬುದನ್ನು ರೋಗಿಯ ದೇಹವೇ ಹೇಳಬೇಕು. ದೇಹ ಐದಾರು ಅಂಕಿಗಳಲ್ಲಿ ಮಾತಾಡುತ್ತದೆ: ಜ್ವರ, ನಾಡಿ, ಉಸಿರಾಟ, ರಕ್ತದೊತ್ತಡ, ಆಕ್ಸಿಜನ್ ಮಟ್ಟ, ಮೂತ್ರದ ಪ್ರಮಾಣ. ವಯಸ್ಕರಲ್ಲಿ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20 ಇರಬೇಕು.

ತರಬೇತಿಯಲ್ಲಿದ್ದಾಗ ನಮ್ಮ ಹಿರಿಯ ಸಿಸ್ಟರ್ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದರು. ಹೆರಿಗೆಯಾದ ತಾಯಿ. ರಾತ್ರಿ 10 ಗಂಟೆಗೆ ಬಿ.ಪಿ. 124/80, ನಾಡಿ 82. 10.30ಕ್ಕೆ 118/76, ನಾಡಿ 92. 11ಕ್ಕೆ 110/72, ನಾಡಿ 104. 11.30ಕ್ಕೆ 102/68, ನಾಡಿ 116. "ಇದರಲ್ಲಿ ಯಾವ ಬಿ.ಪಿ. ಅಪಾಯದ್ದು?" ಎಂದು ಕೇಳಿದರು. ಒಂದೊಂದಾಗಿ ನೋಡಿದರೆ ಯಾವುದೂ ಅಲ್ಲ. ಒಟ್ಟಿಗೆ ಓದಿದರೆ ತಾಯಿಗೆ ಎಲ್ಲೋ ರಕ್ತ ಹೋಗುತ್ತಿದೆ, ಹೃದಯ ವೇಗ ಹೆಚ್ಚಿಸಿಕೊಂಡು ನಿಭಾಯಿಸುತ್ತಿದೆ, ಇನ್ನು ಹೆಚ್ಚು ಹೊತ್ತು ನಿಭಾಯಿಸಲಾರದು ಎಂದು ಅರ್ಥ. ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ದೇಶದ ತಾಯಂದಿರ ಸಾವಿನ ಮುಖ್ಯ ಕಾರಣ. ಅದನ್ನು ಹಿಡಿಯುವುದು ಒಂದು ಅಂಕಿಯಿಂದಲ್ಲ, ಅಂಕಿಗಳ ಸಾಲಿನಿಂದ. ನಡುವಿನ ಎರಡು ಸಾಲನ್ನು ನೋಡದೆ "ಬಿ.ಪಿ. ನಾರ್ಮಲ್" ಎಂದು ತುಂಬಿದರೆ ಸಾಲೇ ಕಡಿದುಹೋಗುತ್ತದೆ.

ಹೆಚ್ಚು ಕಡೆ ಅಂದಾಜಿಗೆ ಬರೆಯಲ್ಪಡುವ ಅಂಕಿ ಉಸಿರಾಟದ್ದು. ಬಿ.ಪಿ.ಗೆ, ಜ್ವರಕ್ಕೆ ಯಂತ್ರವಿದೆ. ಉಸಿರನ್ನು ಮಾತ್ರ ಕಣ್ಣಿನಿಂದ ಎಣಿಸಬೇಕು. ಒಂದು ಚಾರ್ಟಿನಲ್ಲಿ ಎಲ್ಲ ರೋಗಿಗಳಿಗೂ ಎಲ್ಲ ಹೊತ್ತಿಗೂ 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ ಎಂದು ತಿಳಿಯಿರಿ. ರೋಗ ಉಲ್ಬಣಿಸುವಾಗ ಮೊದಲು ಬದಲಾಗುವ ಅಂಕಿಗಳಲ್ಲಿ ಇದೇ ಒಂದು. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಅದಕ್ಕೆ ನಾವು ನಾಡಿ ಹಿಡಿದವರಂತೆ ಕೈ ಹಿಡಿದೇ ಎದೆಯ ಏರಿಳಿತ ಎಣಿಸುತ್ತೇವೆ.

ಯಂತ್ರಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಬಿ.ಪಿ. ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಬೇಕು, ತೋಳು ಹೃದಯದ ಮಟ್ಟಕ್ಕೆ ಆಧಾರದ ಮೇಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿ.ಪಿ. ಹೆಚ್ಚಾಗಿ ತೋರಿಸುತ್ತದೆ. ಮಾವಿನಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಗ್ಲುಕೋಮೀಟರಿಗೆ ಬೆರಳು ಕೊಟ್ಟರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಬೆಳಕಿನಿಂದ ಕೆಲಸ ಮಾಡುವುದರಿಂದ ಗಾಢ ಬಣ್ಣದ ನೇಲ್ ಪಾಲಿಷ್, ಕಪ್ಪು ಮೆಹಂದಿ ಅದನ್ನು ತಡೆಯಬಲ್ಲವು. ಮದುವೆ, ಈದ್ ಮುಗಿಸಿ ಬಂದವರಲ್ಲಿ ಮೆಹಂದಿಯಿಲ್ಲದ ಬೆರಳನ್ನೋ ಕಿವಿಯ ಹಾಲೆಯನ್ನೋ ಹುಡುಕುತ್ತೇವೆ.

ಪಾಲಿಸುವುದೆಂದರೆ ಕಣ್ಣು ಮುಚ್ಚಿ ಪಾಲಿಸುವುದೇ?

ಖಂಡಿತ ಅಲ್ಲ. ಆದೇಶ ಮತ್ತು ನಿಗಾ ಇಲ್ಲಿಯೇ ಕೂಡುತ್ತವೆ. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ನಾಡಿಯನ್ನು ನಿಧಾನ ಮಾಡುತ್ತದೆ. ಕೊಡುವ ಮುನ್ನ ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆಹಿಡಿದು ವೈದ್ಯರಿಗೆ ತಿಳಿಸಬೇಕು. ಬಿ.ಪಿ. 90/60 ಇರುವವರಿಗೆ ಬಿ.ಪಿ. ಮಾತ್ರೆ, ಊಟ ಬಿಟ್ಟು ಮಲಗಿದವರಿಗೆ ಎಂದಿನ ಇನ್ಸುಲಿನ್ ಕೊಡುವ ಮುನ್ನವೂ ಹೀಗೆಯೇ. "ಚೀಟಿಯಲ್ಲಿ ಬರೆದಿತ್ತು, ಕೊಟ್ಟೆ" ಎನ್ನುವುದು ಉತ್ತರವಾಗದು. ಹಾಗೆಂದು ನರ್ಸ್ ತನಗೆ ತೋಚಿದಂತೆ ಪ್ರಮಾಣ ಬದಲಿಸುವಂತೆಯೂ ಇಲ್ಲ. ತಡೆಯುವುದು, ತಿಳಿಸುವುದು, ಉತ್ತರ ಬರೆದಿಡುವುದು, ಇಷ್ಟೇ ನಮ್ಮ ಅಧಿಕಾರ. ರಾತ್ರಿ ಎರಡು ಗಂಟೆಗೆ ಹಿರಿಯ ವೈದ್ಯರನ್ನು ಎಬ್ಬಿಸಲು ಹೊಸ ನರ್ಸುಗಳಿಗೆ ಹೆದರಿಕೆಯಾಗುತ್ತದೆ. ಬೈಗುಳ ಬೆಳಿಗ್ಗೆಗೆ ಮರೆತುಹೋಗುತ್ತದೆ, ಹೋದ ಜೀವ ಬಾರದು ಎಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು.

ಬರೆಯದಿದ್ದರೆ ಮಾಡಿಲ್ಲ

ಔಷಧಿ ಕೊಟ್ಟ ಮೇಲೆಯೇ ಸಹಿ, ಕೊಡುವ ಮುಂಚೆ ಅಲ್ಲ. ಮೊದಲೇ ಸಹಿ ಹಾಕಿಟ್ಟರೆ, ನಡುವೆ ಬೇರೆ ಮಂಚಕ್ಕೆ ಓಡಬೇಕಾಗಿ ಬಂದಾಗ ಔಷಧಿ ಬಿಟ್ಟುಹೋಗುತ್ತದೆ, ಕಾಗದ ಮಾತ್ರ ಕೊಟ್ಟಾಗಿದೆ ಎನ್ನುತ್ತದೆ. ಸಹಿಯನ್ನೇ ಹಾಕದಿದ್ದರೆ ಮುಂದಿನ ಪಾಳಿಯವರು ಎರಡನೇ ಬಾರಿ ಕೊಡುತ್ತಾರೆ. ರೋಗಿ ಬೇಡವೆಂದರೆ, ವಾಂತಿ ಮಾಡಿಕೊಂಡರೆ ಅದನ್ನೂ ಬರೆಯಬೇಕು.

ಬ್ಯಾಚ್ ಸಂಖ್ಯೆ ಬರೆಯುವುದು ಕೆಲವರಿಗೆ ವ್ಯರ್ಥ ಕೆಲಸವಾಗಿ ಕಾಣುತ್ತದೆ. 2024ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾವಿಗೀಡಾದಾಗ ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯ ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಇಂಥ ಸಂದರ್ಭದಲ್ಲಿ ಯಾವ ಬಾಟಲಿ ಯಾರಿಗೆ ಹೋಯಿತು ಎಂಬುದನ್ನು ಹೇಳಬಲ್ಲದ್ದು ವಾರ್ಡಿನಲ್ಲಿ ಬರೆದಿಟ್ಟ ಆ ಸಂಖ್ಯೆಯೇ. ಔಷಧಿಯಿಂದ ಅಡ್ಡಪರಿಣಾಮ ಆದರೆ ವರದಿ ಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮವಿದೆ. ಅದರ ಉಚಿತ ಸಹಾಯವಾಣಿ 1800-180-3024. ಸಾರ್ವಜನಿಕರೂ ಕರೆ ಮಾಡಬಹುದು.

ದಾಖಲೆ ರೋಗಿಯ ಹಕ್ಕೂ ಹೌದು. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಒಪ್ಪಿದವರು ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು.

ಇದು ನಮ್ಮ ಊರಿನ ಸಮಸ್ಯೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ತಪ್ಪಿಸಬಹುದಾದ ಗಂಭೀರ ಔಷಧಿ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವ ಗುರಿಯೊಂದಿಗೆ ಜಾಗತಿಕ ಕಾರ್ಯಕ್ರಮ ಆರಂಭಿಸಿತು. ಪ್ರತಿ ವರ್ಷ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. 2022ರಲ್ಲಿ ಅದರ ವಿಷಯ ಔಷಧಿ ಸುರಕ್ಷತೆಯೇ ಆಗಿತ್ತು.

ಮನೆಯಲ್ಲಿ ನೀವು ಮಾಡಬಹುದಾದದ್ದು

ಡಿಸ್ಚಾರ್ಜ್ ಆದ ದಿನವೇ ಆದೇಶ ನಿಮ್ಮ ಕೈಗೆ ಬರುತ್ತದೆ. ಅಲ್ಲಿಂದ ಮುಂದೆ ನರ್ಸ್ ಇಲ್ಲ. ಆಗ ಈ ಕೆಲಸಗಳನ್ನು ಮಾಡಿ.

1. ಒಂದು ನೋಟ್‌ಬುಕ್ ಹಾಳೆಯಲ್ಲಿ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿ. ಔಷಧಿಯ ಹೆಸರು, ಯಾವುದಕ್ಕೆ, ಎಷ್ಟು, ಎಷ್ಟು ಹೊತ್ತಿಗೆ, ಊಟದ ಮುಂಚೆಯೋ ನಂತರವೋ. ಕೊಟ್ಟ ಮೇಲೆ ಗುರುತು ಹಾಕಿ. ಮನೆಯವರಿಗೆ ಉರ್ದು ಓದಲು ಬರುವುದಾದರೆ ಉರ್ದುವಿನಲ್ಲಿ, ಓದಲು ಬಾರದಿದ್ದರೆ ಸೂರ್ಯ, ಚಂದ್ರನ ಚಿತ್ರ ಬರೆಯಿರಿ.

2. ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ, ಯಾವುದು ನಿಲ್ಲಿಸಬೇಕು ಎಂದು ಕೇಳಿ. ಬೇರೆ ಕಂಪನಿ ಹೆಸರಿನಲ್ಲಿ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುವುದು ಹೀಗೆಯೇ. ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಮೂರರ ಒಳಗೂ ಇರುವುದು ಪ್ಯಾರಾಸಿಟಮಾಲ್. ಶೀತದ ಎಷ್ಟೋ ಮಾತ್ರೆಗಳಲ್ಲೂ ಅದೇ ಇದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು, ಮೀರಿದರೆ ಪಿತ್ತಜನಕಾಂಗಕ್ಕೆ ಏಟು. ವಯಸ್ಸಾದವರಿಗೆ ಮಿತಿ ಇನ್ನೂ ಕಡಿಮೆ.

3. ಸ್ಟ್ರಿಪ್ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುದಿಯನ್ನು ಕೊನೆಯವರೆಗೆ ಉಳಿಸಿ.

4. ಸಿರಪ್ಪಿಗೆ ಅಡುಗೆಮನೆಯ ಚಮಚ ಬೇಡ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ. ಹಸುಗೂಸಿನ ಡ್ರಾಪ್ಸ್ ಮತ್ತು ದೊಡ್ಡ ಮಕ್ಕಳ ಸಿರಪ್ ಒಂದೇ ಹೆಸರಿನದಾದರೂ ಸಾಂದ್ರತೆ ಬೇರೆ.

5. ನುಂಗಲು ಕಷ್ಟವೆಂದು ಎಲ್ಲ ಮಾತ್ರೆಯನ್ನೂ ಕುಟ್ಟಬೇಡಿ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಕುಟ್ಟಿದರೆ ಇಡೀ ದಿನದ ಔಷಧಿ ಒಮ್ಮೆಗೇ ಇಳಿಯುತ್ತದೆ.

6. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಊರು ಸುತ್ತಿದರೆ ಅದು ಕೆಟ್ಟಂತೆಯೇ. ಹೊಸ ಬಾಟಲಿ ತಂದಾಗಲೆಲ್ಲ 40 ಅಥವಾ 100 ಎಂಬುದನ್ನು ಸಿರಿಂಜಿಗೆ ಹೋಲಿಸಿ.

7. ಶುಗರ್ ಇರುವವರು ಬೆವರಿ, ನಡುಗಿ, ತಡವರಿಸಿದರೆ ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದು ಎಚ್ಚರವಿದ್ದರೆ 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಆ ಹೊತ್ತಿನಲ್ಲಿ ಬೆಣ್ಣೆ ದೋಸೆ ತಿನ್ನಿಸಿದರೆ ಪ್ರಯೋಜನವಿಲ್ಲ, ಬೆಣ್ಣೆಯ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ರಂಜಾನ್ ತಿಂಗಳಲ್ಲಿ

ನಮ್ಮ ಮನೆಗಳಲ್ಲಿ ಔಷಧಿಯ ವೇಳೆ ತಲೆಕೆಳಗಾಗುವುದು ರಂಜಾನಿನಲ್ಲಿ. 1-1-1 ಎಂದು ಬರೆದದ್ದನ್ನು ಸಹ್ರಿ ಮತ್ತು ಇಫ್ತಾರಿಗೆ ತಾವೇ ಹಂಚಿಕೊಂಡು, ಮಧ್ಯಾಹ್ನದ್ದನ್ನು ಸಹ್ರಿಯ ಜೊತೆ ಸೇರಿಸಿ ನುಂಗುವವರಿದ್ದಾರೆ. ಶುಗರಿನ ಕೆಲವು ಮಾತ್ರೆಗಳಲ್ಲಿ ಇದು ಅಪಾಯ. ರಂಜಾನಿಗೆ ಒಂದೂವರೆ ಎರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು, ಹೊಸ ಪ್ರಮಾಣ, ಹೊಸ ವೇಳೆ ಬರೆಸಿಕೊಳ್ಳಬೇಕು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲವೆಂದು ಬಹುತೇಕ ಉಲಮಾಗಳು ಹೇಳುತ್ತಾರೆ. ಆದ್ದರಿಂದ ಪರೀಕ್ಷೆ ಬಿಡಬಾರದು. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ಮೀರಿದರೆ ಉಪವಾಸ ಬಿಡಬೇಕೆಂದು ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ರೋಗಿಗಳಿಗೆ ರೋಜಾದಿಂದ ವಿನಾಯಿತಿ ಇರುವುದು ನಮಗೆಲ್ಲ ಗೊತ್ತು. ಅದನ್ನು ಹಟ ಹಿಡಿದ ದಾದಿಗೆ, ನಾನಿಗೆ ಪ್ರೀತಿಯಿಂದ ನೆನಪಿಸಬೇಕಾದವರು ನೀವೇ.

ನರ್ಸಿಂಗ್ ಸೇರುವ ಮನಸ್ಸಿರುವವರಿಗೆ ಒಂದು ಮಾತು. ಈ ವೃತ್ತಿಗೆ ಕರುಣೆ ಬೇಕು, ಅದು ನಿಮ್ಮಲ್ಲಿದೆ. ಅದರ ಜೊತೆ ಭಾಗಾಕಾರ ತಪ್ಪದೆ ಮಾಡುವ ಅಭ್ಯಾಸ, ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ, ಅರ್ಥವಾಗದಿದ್ದರೆ ಕೇಳುವ ಧೈರ್ಯ ಈ ಮೂರನ್ನು ಈಗಿನಿಂದಲೇ ರೂಢಿಸಿಕೊಳ್ಳಿ. ಪ್ರಯೋಗಾಲಯದ ರೆಕಾರ್ಡಿನಲ್ಲಿ ಪಕ್ಕದವರ ರೀಡಿಂಗ್ ನಕಲು ಮಾಡದೆ ನಿಮ್ಮ ಬ್ಯುರೆಟ್ ತೋರಿಸಿದ್ದನ್ನೇ ಬರೆಯುವುದು ಅದರ ಮೊದಲ ಪಾಠ. ಉಳಿದವರು ಇವತ್ತು ಸಂಜೆ ಮನೆಗೆ ಹೋದ ಮೇಲೆ ಹಿರಿಯರ ಮಾತ್ರೆ ಡಬ್ಬಿಯನ್ನು ಒಮ್ಮೆ ಬಿಚ್ಚಿ, ಚೀಟಿಯ ಜೊತೆ ಒಂದೊಂದಾಗಿ ಹೋಲಿಸಿ ನೋಡಿ. ಹದಿನೈದು ನಿಮಿಷದ ಕೆಲಸ. ಹೊಂದದ್ದೇನಾದರೂ ಕಂಡರೆ ನೀವೇ ತಿದ್ದಬೇಡಿ, ಚೀಟಿ ಮತ್ತು ಡಬ್ಬಿ ಎರಡನ್ನೂ ಹಿಡಿದು ವೈದ್ಯರ ಬಳಿ ಹೋಗಿ.